ಅಲಿಪುರದ ಕೋರ್ಟು ಹಾಲ್ ನೋಡಲು ಹೊರಟವರಿಗೆ: ಬಳ್ಳಾರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ನಾನು ಅರವಿಂದ ಘೋಷರ ಮೇಲಿನ ಬಾಂಬು ಮೊಕದ್ದಮೆ ನಡೆದ ಕೋಲ್ಕತ್ತದ ಕೋರ್ಟಿಗೆ ಹೋದೆ. "ಇಷ್ಟು ವರ್ಷ ಕೋರ್ಟು ನೋಡಿದ್ದು ಸಾಲಲಿಲ್ಲವೇ?" ಎಂದು ಮನೆಯಾಕೆ ಕೇಳಿದಳು. ಸಾಲಲಿಲ್ಲ. ಒಂದಲ್ಲ, ಮೂರು ಸಲ ಹೋಗಿ ಬಂದೆ. ಅಂದಿನಿಂದ ಕೌಲ್ ಬಜಾರಿನವರು, ಸತ್ಯನಾರಾಯಣಪೇಟೆಯವರು, ಹೊಸಪೇಟೆ, ಗಂಗಾವತಿಯ ಪರಿಚಯದವರು, ಅವರ ಪರಿಚಯದವರು ಒಂದಲ್ಲ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಸೋತಿದೆ. ಆದ್ದರಿಂದ ಬರೆದಿಟ್ಟಿದ್ದೇನೆ.

ಅಲಿಪುರ ಎಂದರೆ ನಮ್ಮ ಅಲ್ಲೀಪುರವೇ?

ಅಲ್ಲ. ಹತ್ತು ಮಂದಿಯಲ್ಲಿ ಏಳು ಮಂದಿ ಮೊದಲು ಕೇಳುವುದೇ ಇದನ್ನು. ಒಬ್ಬರಂತೂ "ಮಹಾದೇವ ತಾತನ ಮಠದ ಪಕ್ಕದಲ್ಲಿ ಅಂಥ ಕೋರ್ಟು ಎಲ್ಲಿದೆ?" ಎಂದು ನನ್ನನ್ನೇ ದಬಾಯಿಸಿದರು. ನಾನು ಹೇಳುತ್ತಿರುವುದು ಕೋಲ್ಕತ್ತದ ದಕ್ಷಿಣ ಭಾಗದ ಅಲಿಪುರ. ಮೃಗಾಲಯ, ರಾಷ್ಟ್ರೀಯ ಗ್ರಂಥಾಲಯ, ಜೈಲು, ಜಿಲ್ಲಾ ನ್ಯಾಯಾಲಯ ಎಲ್ಲವೂ ಅಕ್ಕಪಕ್ಕದಲ್ಲೇ ಇರುವ ಬಡಾವಣೆ ಅದು.

ಗೊಂದಲಕ್ಕೆ ಕಾರಣವೂ ಇದೆ. ನಮ್ಮ ಅಲ್ಲೀಪುರದಲ್ಲೂ ಬ್ರಿಟಿಷರ ಕಾಲದಲ್ಲಿ ಒಂದು ಕ್ಯಾಂಪ್ ಜೈಲು ಇತ್ತು. ಮದ್ರಾಸ್ ಪ್ರಾಂತದ ತೆಲುಗರು, ತಮಿಳರು, ಮಲಯಾಳಿಗಳು ಎಷ್ಟೋ ಮಂದಿ ಸತ್ಯಾಗ್ರಹ ಮಾಡಿ ಇಲ್ಲಿ ಬಂದು ಕೂತಿದ್ದರು. ಹಳೆಯ ಹೋರಾಟಗಾರರ ಜೀವನಚರಿತ್ರೆಗಳಲ್ಲಿ "ಅಲಿಪುರಂ ಜೈಲು, ಬಳ್ಳಾರಿ" ಎಂದು ಕಂಡರೆ ಅದು ನಮ್ಮದು. ಬರೀ "ಅಲಿಪುರ ಜೈಲು" ಎಂದು ಕಂಡರೆ ಹೆಚ್ಚಾಗಿ ಅವರದು.

ಅಲ್ಲಿ ಅಂಥದ್ದೇನು ನಡೆಯಿತು?

1908ರ ಏಪ್ರಿಲ್ 30ರ ರಾತ್ರಿ ಬಿಹಾರದ ಮುಜಫ್ಫರಪುರದಲ್ಲಿ ಒಂದು ಕುದುರೆಗಾಡಿಯ ಮೇಲೆ ಬಾಂಬು ಬಿತ್ತು. ಗುರಿ ಇಟ್ಟಿದ್ದು ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನಿಗೆ. ಸತ್ತವರು ಅಲ್ಲಿನ ವಕೀಲ ಕೆನೆಡಿಯ ಹೆಂಡತಿ ಮತ್ತು ಮಗಳು. ಎಸೆದವರು ಖುದಿರಾಮ್ ಬೋಸ್, ಪ್ರಫುಲ್ಲ ಚಾಕಿ ಎಂಬ ಇಬ್ಬರು ಹುಡುಗರು. ಎರಡೇ ದಿನದಲ್ಲಿ, ಮೇ 2ರ ನಸುಕಿನಲ್ಲಿ, ಕಲ್ಕತ್ತೆಯ ಪೊಲೀಸರು ಮಾಣಿಕ್‌ತಲಾದ ಮುರಾರಿಪುಕುರ ರಸ್ತೆಯ ತೋಟದಮನೆಗೆ ನುಗ್ಗಿದರು. ಅಲ್ಲಿ ಬಾರೀಂದ್ರ ಕುಮಾರ ಘೋಷ್ ಮತ್ತು ಅವರ ಸಂಗಡಿಗರು ಒಂದು ಕಡೆ ಗೀತೆ ಓದುತ್ತ ಇನ್ನೊಂದು ಕಡೆ ಬಾಂಬು ಕಟ್ಟುತ್ತ ಇದ್ದರು. ಅದೇ ಬೆಳಿಗ್ಗೆ ಗ್ರೇ ಸ್ಟ್ರೀಟಿನ ಮನೆಯಲ್ಲಿ ಬಾರೀಂದ್ರರ ಅಣ್ಣ ಅರವಿಂದ ಘೋಷರನ್ನೂ ಹಾಸಿಗೆಯಿಂದ ಎಬ್ಬಿಸಿ ಹಿಡಿದರು.

ಆ ಮನೆಯ ಶೋಧದಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮಣ್ಣು. ಪೊಲೀಸ್ ಸಾಹೇಬನಿಗೆ ಭಾರಿ ಅನುಮಾನ. ತಿರುಗಿಸಿ ನೋಡಿದ, ಮತ್ತೆ ನೋಡಿದ, ಹೊಸ ತರಹದ ಸ್ಫೋಟಕವೇ ಇರಬೇಕು ಎಂಬಂತೆ. ಅದು ದಕ್ಷಿಣೇಶ್ವರದ ಮಣ್ಣು. ರಾಮಕೃಷ್ಣ ಪರಮಹಂಸರು ನಡೆದಾಡಿದ ನೆಲದ್ದೆಂದು ಯಾರೋ ಭಕ್ತಿಯಿಂದ ತಂದುಕೊಟ್ಟಿದ್ದದ್ದು. ಮುದ್ದೆಮಾಲು, ಅಂದರೆ ಜಪ್ತಿಯಾದ ಸಾಮಾನಿನ, ಪಟ್ಟಿ ಬರೆಯುವ ಕೆಲಸ ನಾನೂ ಮಾಡಿದ್ದೇನೆ. ಶೋಧಕ್ಕೆ ಹೋದವನಿಗೆ ಮನೆಯ ಉಪ್ಪಿನ ಡಬ್ಬಿಯೂ ಮದ್ದಿನಂತೆ ಕಾಣುತ್ತದೆ ಎಂಬುದು ಹೊಸ ಮಾತಲ್ಲ.

ಮ್ಯಾಜಿಸ್ಟ್ರೇಟ್ ಬರ್ಲಿ ಮೊದಲ ಹಂತದ ವಿಚಾರಣೆ ನಡೆಸಿ ಮೊಕದ್ದಮೆಯನ್ನು ಸೆಷನ್ಸ್‌ಗೆ ಒಪ್ಪಿಸಿದ. 1908ರ ಅಕ್ಟೋಬರ್ 19ರಂದು ಅಪರ ಸೆಷನ್ಸ್ ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಮುಂದೆ ವಿಚಾರಣೆ ಆರಂಭವಾಯಿತು. ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು. ತೀರ್ಪು ಬಂದದ್ದು 1909ರ ಮೇ 6ಕ್ಕೆ. ಬಾರೀಂದ್ರ ಮತ್ತು ಉಲ್ಲಾಸಕರ ದತ್ತರಿಗೆ ಗಲ್ಲು, ಹಲವರಿಗೆ ಕರಿನೀರಿನ ಶಿಕ್ಷೆ, ಅರವಿಂದರೂ ಸೇರಿ ಹಲವರಿಗೆ ಖುಲಾಸೆ. ಮೇಲ್ಮನವಿಯಲ್ಲಿ ಹೈಕೋರ್ಟು ಆ ಎರಡು ಗಲ್ಲು ಶಿಕ್ಷೆಗಳನ್ನು ಜೀವಾವಧಿ ಗಡೀಪಾರಿಗೆ ಇಳಿಸಿತು. ಇಬ್ಬರೂ ಅಂಡಮಾನಿನ ಸೆಲ್ಯುಲಾರ್ ಜೈಲಿಗೆ ಹೋದರು.

ಆ ವಿಚಾರಣೆ ನಡೆದ ಕೋಣೆಯನ್ನು ಅಲಿಪುರದ ನ್ಯಾಯಾಲಯದಲ್ಲಿ ಹಾಗೆಯೇ ಕಾಪಾಡಿದ್ದಾರೆ. ನಾವು ನೋಡಲು ಹೋಗುವುದು ಅದನ್ನೇ.

ಇದನ್ನು ಕೊಲೆ ಮೊಕದ್ದಮೆ ಎನ್ನದೆ ಪಿತೂರಿ ಮೊಕದ್ದಮೆ ಎನ್ನುವುದೇಕೆ?

ಕೊಲೆಯ ವಿಚಾರಣೆ ಮುಜಫ್ಫರಪುರದಲ್ಲೇ ಮುಗಿದು, ಖುದಿರಾಮನನ್ನು ಆ ವರ್ಷದ ಆಗಸ್ಟ್ 11ಕ್ಕೆ ಗಲ್ಲಿಗೇರಿಸಿ ಆಗಿತ್ತು. ಅಲಿಪುರದಲ್ಲಿ ಹೊರಿಸಿದ್ದು ದೊರೆಯ ವಿರುದ್ಧ ಯುದ್ಧ ಹೂಡಿದ, ಹೂಡಲು ಸಂಚು ಮಾಡಿದ ಆರೋಪ. ಭಾರತೀಯ ದಂಡ ಸಂಹಿತೆಯ 121, 121-ಎ ಮತ್ತು ಅದರ ನೆರೆಯ ಕಲಮುಗಳು. 121-ಎ ಕಲಮಿನ ಸೊಗಸೇ ಬೇರೆ: ಏನೂ ಮಾಡಿರಬೇಕಾಗಿಲ್ಲ, ಕೂಡಿ ಮಾತಾಡಿಕೊಂಡಿದ್ದರೆ ಸಾಕು. ಹಾಗಾಗಿ ಬಾಂಬನ್ನು ಮುಟ್ಟದವನನ್ನೂ ಬಾಂಬು ಕಟ್ಟಿದವನ ಜೊತೆಗೆ ಒಂದೇ ಕಟಕಟೆಯಲ್ಲಿ ನಿಲ್ಲಿಸಬಹುದು. ಅರವಿಂದರನ್ನು ನಿಲ್ಲಿಸಿದ್ದು ಹೀಗೆಯೇ. 2024ರ ಜುಲೈಯಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈ ಕಲಮುಗಳು 147, 148 ಎಂದು ನಂಬರು ಬದಲಿಸಿಕೊಂಡು ಅಲ್ಲೇ ಕೂತಿವೆ.

ಹೋಗುವುದು ಹೇಗೆ?

ನಮ್ಮ ಭಾಗದವರಿಗೆ ಇದು ಸುಲಭ, ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಕಾಗಿಲ್ಲ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ಬಳ್ಳಾರಿಗೆ ಬಂದು, ಗುಂತಕಲ್ಲು, ನಂದ್ಯಾಲ, ವಿಜಯವಾಡ, ವಿಶಾಖಪಟ್ಟಣದ ಮೇಲೆ ಕೋಲ್ಕತ್ತದ ಕಡೆಗೆ ಹೋಗುತ್ತದೆ. ದಿನವೂ ಇಲ್ಲ, ವಾರದಲ್ಲಿ ಕೆಲವೇ ದಿನ. ಟಿಕೆಟ್ಟಿನಲ್ಲಿ ಕೊನೆಯ ನಿಲ್ದಾಣ ಹೌರಾ ಎಂದಿದೆಯೋ ಶಾಲಿಮಾರ್ ಎಂದಿದೆಯೋ ನೋಡಿಕೊಳ್ಳಿ. ಎರಡೂ ಹೂಗ್ಲಿ ನದಿಯ ಆಚೆ ದಡದಲ್ಲಿವೆ, ಆದರೆ ಕರೆದೊಯ್ಯಲು ಬಂದ ನೆಂಟ ಒಂದರಲ್ಲಿ, ನೀವು ಇನ್ನೊಂದರಲ್ಲಿ ನಿಂತರೆ ಅರ್ಧ ದಿನ ಹೋಯಿತು. ರಾಯಚೂರಿನವರು ಗುಂತಕಲ್ಲಿಗೆ ಬಂದು ಇದೇ ಗಾಡಿ ಹಿಡಿಯಬಹುದು.

ಊರೊಳಗೆ ಮೆಟ್ರೊ ಹತ್ತಿ ಕಾಳಿಘಾಟ್‌ನಲ್ಲಿ ಇಳಿದು, ಅಲ್ಲಿಂದ ಆಟೊ ಇಲ್ಲವೇ ಟ್ಯಾಕ್ಸಿಯವನಿಗೆ "ಅಲಿಪುರ ಜಜ್ ಕೋರ್ಟ್" ಎಂದರೆ ಸಾಕು. ಬರೀ "ಅಲಿಪುರ" ಎಂದರೆ ಮೃಗಾಲಯದ ಮುಂದೆ ಇಳಿಸುತ್ತಾನೆ, ತಪ್ಪು ಅವನದಲ್ಲ.

ಯಾವ ದಿನ ಹೋಗಬೇಕು? ಸಮಯವೇನು?

ಇದು ವಸ್ತುಸಂಗ್ರಹಾಲಯದ ಕಟ್ಟಡದೊಳಗೆ ಇರುವ ಕೋಣೆಯಲ್ಲ, ನಡೆಯುತ್ತಿರುವ ಕೋರ್ಟಿನೊಳಗೆ ಇರುವ ಕೋಣೆ. ಈ ಒಂದು ಮಾತು ತಲೆಯಲ್ಲಿದ್ದರೆ ಮಿಕ್ಕ ಪ್ರಶ್ನೆಗಳಿಗೆ ಉತ್ತರ ತಾನೇ ಸಿಗುತ್ತದೆ. ಕೋರ್ಟಿಗೆ ರಜೆ ಇದ್ದರೆ ಕೋಣೆಗೆ ಬೀಗ. ಕೆಲಸದ ದಿನವೂ ಬೆಳಗಿನ ಗದ್ದಲದಲ್ಲಿ, ಕೂಗು ಹಾಕುವ ಹೊತ್ತಿನಲ್ಲಿ, ಯಾರೂ ನಿಮ್ಮನ್ನು ಕರೆದುಕೊಂಡು ಹೋಗಿ ತೋರಿಸಲಾರರು. ಮಧ್ಯಾಹ್ನದ ಊಟದ ವಿರಾಮಕ್ಕೆ ಸ್ವಲ್ಪ ಮೊದಲು ಹೋಗಿ, ಜಿಲ್ಲಾ ನ್ಯಾಯಾಧೀಶರ ಕಚೇರಿಯಲ್ಲಿ ವಿನಯದಿಂದ ಕೇಳಿಕೊಳ್ಳಿ. ಗುಂಪಾಗಿ ಹೋಗುವವರು ಮೊದಲೇ ಒಂದು ಮನವಿ ಪತ್ರ ಕಳಿಸಿ, ಅದರ ನಕಲನ್ನು ಜೊತೆಗೆ ಇಟ್ಟುಕೊಂಡಿರಬೇಕು. ಕೋರ್ಟಿನ ಜನಕ್ಕೆ ಕಾಗದ ಕಂಡರೆ ಧೈರ್ಯ ಬರುತ್ತದೆ. ನಾನೂ ಆ ಜಾತಿಯವನೇ, ಬಲ್ಲೆ.

ದಸರಾ ರಜೆಯಲ್ಲಿ ಮಾತ್ರ ಖಂಡಿತ ಬೇಡ. ನಮಗೆ ಮಕ್ಕಳ ಶಾಲೆಗೆ ರಜೆ ಸಿಗುವುದು ಆಗಲೇ, ನಿಜ. ಆದರೆ ಬಂಗಾಳದಲ್ಲಿ ಅದು ದುರ್ಗಾಪೂಜೆ, ಕೋರ್ಟು ಕಚೇರಿಗಳೆಲ್ಲ ಬಾಗಿಲು ಹಾಕಿಕೊಂಡು ಊರಿಗೆ ಊರೇ ಪೆಂಡಾಲಿನಲ್ಲಿರುತ್ತದೆ.

ನನ್ನ ಮೊದಲ ಯಾತ್ರೆಯ ಕಥೆ ಇಲ್ಲಿ ಹೇಳಲೇಬೇಕು. ಏಪ್ರಿಲ್ 15ರಂದು ಬೆಳಿಗ್ಗೆ ಹತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ನಿಂತೆ. ಗೇಟು ಮುಚ್ಚಿತ್ತು, ಒಂದು ನಾಯಿ ಮಲಗಿತ್ತು. ಅಂದು ಬಂಗಾಳಿ ಹೊಸ ವರ್ಷ. ನಮ್ಮ ಯುಗಾದಿ ಮುಗಿದು ಬೇವು ಬೆಲ್ಲ ಜೀರ್ಣವಾಗಿ ಹೋಗಿತ್ತು, ಇವರಿಗೆ ಬೇರೆ ಯುಗಾದಿ ಇರುತ್ತದೆಂದು ಹೊಳೆಯಲೇ ಇಲ್ಲ. ಮೂವತ್ತೊಂದು ವರ್ಷ ಕೋರ್ಟಿನ ರಜಾ ಪಟ್ಟಿಯನ್ನು ಗೋಡೆಗೆ ಅಂಟಿಸಿದವನು ನಾನೇ! ಮರುದಿನ ಸಂಜೆಗೆ ವಾಪಸ್ ಗಾಡಿಯ ಟಿಕೆಟ್ ಇತ್ತು. ಬೆಳಿಗ್ಗೆ ಹೋದೆ. ಇಪ್ಪತ್ತು ನಿಮಿಷ ನೋಡಲು ಸಿಕ್ಕಿತು.

ಒಳಗೆ ಏನು ನೋಡಬಹುದು?

ದೊಡ್ಡ ಅರಮನೆಯಂಥದ್ದನ್ನು ನಿರೀಕ್ಷಿಸಿ ಹೋಗಬೇಡಿ. ಎತ್ತರದ ಪೀಠ, ಹಳೆಯ ಮರದ ಸಾಮಾನು, ಆರೋಪಿಗಳ ಕಟಕಟೆ. ಬಂದವರಲ್ಲಿ ಕೆಲವರು "ಇಷ್ಟೇನಾ?" ಎಂದದ್ದನ್ನು ಕೇಳಿದ್ದೇನೆ. ಇಷ್ಟೇ. ಆದರೆ ಆ ಇಷ್ಟರೊಳಗೆ ಯಾರು ಯಾರು ತುಂಬಿಕೊಂಡಿದ್ದರು ಎಂದು ಸ್ವಲ್ಪ ಲೆಕ್ಕ ಹಾಕಿ.

ಕಟಕಟೆಯಲ್ಲಿ ಮೂರು ಡಜನ್‌ನಷ್ಟು ಆರೋಪಿಗಳು, ಹೆಚ್ಚಿನವರು ಇಪ್ಪತ್ತರ ಆಜುಬಾಜಿನ ಹುಡುಗರು. ಸುತ್ತ ತಂತಿಯ ಬಲೆ. ಅಕ್ಕಪಕ್ಕದಲ್ಲಿ ಬಂದೂಕಿನ ಪೊಲೀಸರು. ಒಂದು ಕಡೆ ಇಬ್ಬರು ಅಸೆಸರ್‌ಗಳು. ಈಗಿನ ಹುಡುಗ ವಕೀಲರಿಗೆ ಆ ಪದವೇ ಗೊತ್ತಿಲ್ಲ, ಅಭಿಪ್ರಾಯ ಹೇಳಲು ಊರಿನ ಗಣ್ಯರನ್ನು ಕೂರಿಸುವ ಪದ್ಧತಿ ಅದು. ಮುಂದೆ ಸರ್ಕಾರದ ಪರ ಅರ್ಡ್ಲಿ ನಾರ್ಟನ್. ಇವರು ನಮ್ಮ ಕಡೆಯವರು ಎನ್ನಬಹುದು, ಏಕೆಂದರೆ ಮದ್ರಾಸಿನ ಬ್ಯಾರಿಸ್ಟರು, ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. ಒಂದು ಕಾಲಕ್ಕೆ ಕಾಂಗ್ರೆಸ್ಸಿನಲ್ಲಿ ಭಾಷಣ ಮಾಡಿದವರು ಇಲ್ಲಿ ಸರ್ಕಾರದ ಫೀಸು ಪಡೆದು ನಿಂತಿದ್ದರು. ವಿಚಾರಣೆ ನಡೆದಷ್ಟು ದಿನ ಅವರ ಕಾಗದಗಳ ಮೇಲೆ ಗುಂಡು ತುಂಬಿದ ಪಿಸ್ತೂಲು ಇರುತ್ತಿತ್ತು ಎಂದು ಹೇಳುತ್ತಾರೆ. ಪೊಲೀಸರು ಒದಗಿಸಿದ ಸಾಮಗ್ರಿಯಿಂದ ನಾಟಕ ಕಟ್ಟುವ ಈ ಮಹಾಶಯ ಷೇಕ್ಸ್‌ಪಿಯರನ ತಮ್ಮ ಎಂಬ ಧಾಟಿಯಲ್ಲಿ ಅರವಿಂದರು ಮುಂದೆ ಗೇಲಿ ಮಾಡಿ ಬರೆದರು.

ಪಿಸ್ತೂಲು ಸುಮ್ಮನೆ ಇಟ್ಟುಕೊಂಡದ್ದಲ್ಲ. ನರೇನ್ ಗೋಸಾಯಿ ಎಂಬ ಆರೋಪಿ ಮಾಫಿ ಸಾಕ್ಷಿಯಾಗಿ, ಅಂದರೆ ಕ್ಷಮೆ ಪಡೆದು ಸಂಗಡಿಗರ ವಿರುದ್ಧ ಸಾಕ್ಷಿ ಹೇಳುವವನಾಗಿ, ತಿರುಗಿದ್ದ. 1908ರ ಆಗಸ್ಟ್ 31ರಂದು ಜೈಲಿನ ಒಳಗೇ ಕನೈಲಾಲ ದತ್ತ ಮತ್ತು ಸತ್ಯೇಂದ್ರನಾಥ ಬಸು ಅವನನ್ನು ಗುಂಡಿಟ್ಟು ಕೊಂದರು. ಇಬ್ಬರಿಗೂ ಗಲ್ಲಾಯಿತು. ಆದರೆ ಮೊಕದ್ದಮೆಯ ಮಟ್ಟಿಗೆ ಇದರ ಪರಿಣಾಮ ದೊಡ್ಡದು: ಗೋಸಾಯಿಯ ಪಾಟೀ ಸವಾಲು ನಡೆದಿರಲಿಲ್ಲ. ಪಾಟೀ ಸವಾಲು ಆಗದ ಮಾತು ಸೆಷನ್ಸ್‌ನಲ್ಲಿ ಸಾಕ್ಷ್ಯವಾಗಿ ನಿಲ್ಲಲಿಲ್ಲ. ಅವನು ಅರವಿಂದರ ಮೇಲೆ ಹೇಳಿದ್ದೆಲ್ಲ ಕಡತದಲ್ಲಿ ಉಳಿದ ಬರೀ ಶಾಯಿಯಾಯಿತು.

1909ರ ಫೆಬ್ರವರಿ 10ರಂದು ಸರ್ಕಾರಿ ವಕೀಲ ಆಶುತೋಷ ಬಿಸ್ವಾಸ್ ಅಲಿಪುರದ ಕೋರ್ಟಿನ ಆವರಣದಲ್ಲೇ ಗುಂಡಿಗೆ ಬಲಿಯಾದರು. ಹೊಡೆದ ಚಾರುಚಂದ್ರ ಬಸುವಿಗೆ ಬಲಗೈ ಹುಟ್ಟಿನಿಂದಲೇ ಊನ. ಆ ಮೋಟುಗೈಗೆ ರಿವಾಲ್ವರನ್ನು ಬಿಗಿದು ಕಟ್ಟಿಕೊಂಡು, ಎಡಗೈ ಬೆರಳಿನಿಂದ ಟ್ರಿಗರ್ ಎಳೆದ. ಅವನ ಗಲ್ಲು ಮಾರ್ಚಿಯಲ್ಲೇ ಮುಗಿಯಿತು.

ಇದೆಲ್ಲ ತಿಳಿದುಕೊಂಡು ಹೋಗಿ ಆ ಕಟಕಟೆಯ ಮುಂದೆ ನಿಂತರೆ "ಇಷ್ಟೇನಾ" ಎನ್ನಿಸುವುದಿಲ್ಲ. ಕಟಕಟೆಯ ಮರವನ್ನು ಗಮನಿಸಿ. ಯಾವ ಊರಿನ ಕಟಕಟೆಯಾದರೂ ಮೇಲಿನ ಅಡ್ಡಪಟ್ಟಿ ಮಾತ್ರ ನುಣುಪಾಗಿರುತ್ತದೆ, ಬೆವರಿದ ಕೈಗಳು ಉಜ್ಜಿ ಉಜ್ಜಿ ಆದದ್ದು. ನಮ್ಮ ಕೋರ್ಟಿನಲ್ಲಿ ಬಣ್ಣ ಬಳಿಯಲು ಬಂದವನು ಅದೊಂದಕ್ಕೆ ಬಣ್ಣ ಹಿಡಿಯುವುದಿಲ್ಲ ಎಂದು ಗೊಣಗುತ್ತಿದ್ದ.

ಸಿಹಿತಿಂಡಿಯ ಪತ್ರ ಎಂದು ಹೇಳುತ್ತೀರಲ್ಲ, ಅದೇನು?

ಅರವಿಂದರ ಮೇಲೆ ಸರ್ಕಾರದ ಕೈಯಲ್ಲಿದ್ದ ದೊಡ್ಡ ಅಸ್ತ್ರ ಅದು. 1907ರ ಡಿಸೆಂಬರಿನಲ್ಲಿ ಸೂರತ್ ಕಾಂಗ್ರೆಸ್ಸಿಗೆ ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ಆ ಹೊತ್ತಿಗೆ ಬಾರೀಂದ್ರರು ಅಣ್ಣನಿಗೆ ಬರೆದರು ಎನ್ನಲಾದ ಒಂದು ಚಿಕ್ಕ ಇಂಗ್ಲಿಷ್ ಪತ್ರ ಅರವಿಂದರ ಮನೆಯಲ್ಲಿ ಸಿಕ್ಕಿತೆಂದು ಪೊಲೀಸರು ಹಾಜರುಪಡಿಸಿದರು. ತುರ್ತು ಬಂದಾಗ ಬೇಕಾಗುವಂತೆ ದೇಶದ ತುಂಬ ಸಿಹಿತಿಂಡಿ ಸಿದ್ಧವಾಗಿರಬೇಕು ಎಂಬುದು ಅದರ ಸಾರ. ಸಿಹಿತಿಂಡಿ ಎಂದರೆ ಬಾಂಬು ಎಂದು ನಾರ್ಟನ್ ವಾದ.

ಎದುರಿಗೆ ನಿಂತವರು ಚಿತ್ತರಂಜನ ದಾಸ್. ಮುಂದೆ ದೇಶಬಂಧು ಎಂದು ಹೆಸರಾದರು, ಆಗ ಇನ್ನೂ ಎದ್ದು ಬರುತ್ತಿದ್ದ ವಕೀಲರು. ಬೇರೆ ಕೆಲಸ ಬಿಟ್ಟು, ಫೀಸಿನ ಮುಖ ನೋಡದೆ, ತಿಂಗಳುಗಟ್ಟಲೆ ಇದನ್ನೇ ಹಿಡಿದು ಕೂತರು. ಅವರು ಆ ಪತ್ರವನ್ನು ಬಿಡಿಸಿದ ರೀತಿ ನೋಡಿ. ತಮ್ಮ ಅಣ್ಣನಿಗೆ ಪತ್ರ ಬರೆಯುವಾಗ "ಪ್ರಿಯ ಸಹೋದರ" ಎಂದು ಇಂಗ್ಲಿಷಿನವರಂತೆ ಶುರುಮಾಡುತ್ತಾನೆಯೇ? ಬಂಗಾಳಿ ಮನೆಯಲ್ಲಿ ಮೂರನೆಯ ಅಣ್ಣನನ್ನು ಸೇಜ್‌ದಾ ಎನ್ನುತ್ತಾರೆ. ಕೆಳಗೆ ಸಹಿಯೋ, ಬಾರೀಂದ್ರ ಕೆ. ಘೋಷ್ ಎಂದು, ಬ್ಯಾಂಕಿಗೆ ಚೆಕ್ಕು ಬರೆದಂತೆ! ಮನೆಯಲ್ಲಿ ಕರೆಯುವ ಹೆಸರು ಬರೆಯದೆ ಸ್ವಂತ ಅಣ್ಣನಿಗೆ ಪೂರ್ತಿ ಹೆಸರಿನ ಸಹಿ ಹಾಕುವ ತಮ್ಮ ಯಾವ ದೇಶದಲ್ಲಿದ್ದಾನೆ? ಸಾಲದ್ದಕ್ಕೆ ತುರ್ತು ಎಂಬ ಅರ್ಥದ ಆ ಇಂಗ್ಲಿಷ್ ಪದದ ಮೊದಲ ಅಕ್ಷರವೇ ತಪ್ಪು. ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ ಎಂಬ ಹುಡುಗನ ಕಾಗದ ಇದು.

ನಾನು ಈ ಭಾಗವನ್ನು ಹೇಳಿದಾಗ ನಮ್ಮ ಗುಂಪಿನಲ್ಲಿದ್ದ ಸಿರುಗುಪ್ಪದ ರೈತರೊಬ್ಬರು, ಹೆಚ್ಚು ಓದಿದವರಲ್ಲ, ತಟ್ಟನೆ ಹೇಳಿದರು: "ನನ್ನ ತಮ್ಮ ನನಗೆ ಯಾವತ್ತೂ ಹೆಸರು ಬರೆದಿಲ್ಲ ಸರ್, ಅಣ್ಣಾ ಎಂದು ಶುರುಮಾಡುತ್ತಾನೆ, ದುಡ್ಡು ಕಳಿಸು ಎಂದು ಮುಗಿಸುತ್ತಾನೆ. ಸಹಿಯೇ ಇರುವುದಿಲ್ಲ." ದಾಸ್ ಅವರ ವಾದದ ತಿರುಳನ್ನು ಇದಕ್ಕಿಂತ ಚೆನ್ನಾಗಿ ಯಾವ ವಕೀಲನೂ ನನಗೆ ಹೇಳಿಲ್ಲ.

ನ್ಯಾಯಾಧೀಶರು ಆ ಪತ್ರವನ್ನು ಅರವಿಂದರ ಮೇಲಿನ ರುಜುವಾತಾಗಿ ಒಪ್ಪಲಿಲ್ಲ.

ನ್ಯಾಯಾಧೀಶ ಮತ್ತು ಆರೋಪಿ ಸಹಪಾಠಿಗಳಾಗಿದ್ದರಂತೆ, ನಿಜವೇ?

ನಿಜ. ಅರವಿಂದರು, ಬೀಚ್‌ಕ್ರಾಫ್ಟ್ ಇಬ್ಬರೂ ಕೇಂಬ್ರಿಜ್‌ನಲ್ಲಿದ್ದವರು. 1890ರ ಐಸಿಎಸ್ (ಬ್ರಿಟಿಷ್ ಭಾರತದ ಆಡಳಿತ ಸೇವೆ) ಪರೀಕ್ಷೆಯ ಗ್ರೀಕ್ ಪತ್ರಿಕೆಯಲ್ಲಿ ಅರವಿಂದರು ಮೊದಲಿಗರು, ಬೀಚ್‌ಕ್ರಾಫ್ಟ್ ಎರಡನೆಯವರು. ಹಾಗಾದರೆ ಸ್ನೇಹಕ್ಕೆ ಬಿಟ್ಟರೇ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ತಮ್ಮನಿಗೆ ಗಲ್ಲು ವಿಧಿಸಿದ ಕೈಯೇ ಅಣ್ಣನ ಖುಲಾಸೆಗೂ ಸಹಿ ಹಾಕಿತು. ಕಾಗದ ನೋಡಿ ತೀರ್ಪು ಕೊಟ್ಟವರು ಎಂದು ನನ್ನ ಎಣಿಕೆ. ಪರಕೀಯ ಸರ್ಕಾರದ ನೌಕರ, ಇಬ್ಬರು ಇಂಗ್ಲಿಷ್ ಹೆಂಗಸರು ಸತ್ತಿದ್ದರು, ಕೋರ್ಟಿನ ಅಂಗಳದಲ್ಲೇ ಸರ್ಕಾರಿ ವಕೀಲ ಬಿದ್ದಿದ್ದ. ಅಷ್ಟರ ನಡುವೆ "ಈ ಪುರಾವೆ ಸಾಲದು" ಎಂದು ಬರೆಯಲು ಏನು ಬೇಕು ಎಂಬುದು ಕೋರ್ಟಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಕಟಕಟೆ ನೋಡುವುದಕ್ಕಿಂತ ಹೆಚ್ಚಾಗಿ ಆ ಪೀಠ ನೋಡುವುದಕ್ಕೆ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಅರವಿಂದರಿಗೆ ಅಲ್ಲಿ ದೇವರ ದರ್ಶನವಾಯಿತಂತೆ. ಚಪ್ಪಲಿ ಬಿಟ್ಟು ಹೋಗಬೇಕೇ?

ಬಿಡಬೇಕಾಗಿಲ್ಲ, ಬಿಟ್ಟರೆ ಬೇಡ ಎನ್ನುವವರೂ ಇಲ್ಲ. ಬಿಡುಗಡೆಯಾದ ತಿಂಗಳೊಳಗೆ, 1909ರ ಮೇ 30ರಂದು ಉತ್ತರಪಾಡಾದಲ್ಲಿ ಮಾಡಿದ ಭಾಷಣದಲ್ಲಿ ಅವರೇ ಹೇಳಿದ್ದು: ಜೈಲಿನ ಗೋಡೆಯಲ್ಲಿ, ಮರದಲ್ಲಿ, ಕಳ್ಳರಲ್ಲಿ, ಕೊನೆಗೆ ಮ್ಯಾಜಿಸ್ಟ್ರೇಟನಲ್ಲಿ, ಸರ್ಕಾರಿ ವಕೀಲನಲ್ಲೂ ವಾಸುದೇವನೇ ಕಂಡ ಎಂದು. ನಂಬುವವರು ಕೈಮುಗಿಯುತ್ತಾರೆ, ಉಳಿದವರು ಸುಮ್ಮನೆ ನೋಡುತ್ತಾರೆ. ನನ್ನ ಅನುಭವದಲ್ಲಿ ಸರ್ಕಾರಿ ವಕೀಲರಲ್ಲಿ ವಾಸುದೇವನನ್ನು ಕಾಣಲು ಬಹಳ ತಪಸ್ಸು ಬೇಕು.

ಅವರಿದ್ದ ಜೈಲು ಕೋಣೆಯೂ ಅಲ್ಲೇ ನೋಡಲು ಸಿಗುತ್ತದೆಯೇ?

ಇಲ್ಲಿ ಬಹಳ ಜನ ಎಡವುತ್ತಾರೆ. 2022ರಿಂದ ಅಲಿಪುರದ ಹಳೆಯ ಕೇಂದ್ರ ಕಾರಾಗೃಹವನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೆಹರೂ 1934ರಲ್ಲಿ ಇದ್ದದ್ದು ಅಲ್ಲಿ, ಅವರ ಕೋಣೆ ನೋಡಬಹುದು. ಆದರೆ ಅರವಿಂದರು ಒಂದು ವರ್ಷ ಕಳೆದದ್ದು ಈಗ ಪ್ರೆಸಿಡೆನ್ಸಿ ಜೈಲು ಎನ್ನುವ ಇನ್ನೊಂದು ಕಟ್ಟಡದಲ್ಲಿ. ಅದು ಇಂದಿಗೂ ಜೈಲೇ. ಅವರ ಕೋಣೆ ಒಳಗೆ ಇದೆ, ಮನಸ್ಸಿಗೆ ಬಂದಾಗ ಹೋಗಿ ನೋಡುವಂತಿಲ್ಲ. ವಸ್ತುಸಂಗ್ರಹಾಲಯ ನೋಡಿ ಬಂದು "ಅರವಿಂದರ ಕೋಣೆ ನೋಡಿದೆವು" ಎಂದು ಊರಲ್ಲಿ ಹೇಳಿಕೊಂಡವರನ್ನು ನಾನು ತಿದ್ದಲು ಹೋಗಿಲ್ಲ.

ಫೋಟೊ? ಮೊಬೈಲ್?

ಕೇಳಿ ತೆಗೆಯಿರಿ. ಬೇಡ ಎಂದರೆ ಬೇಡ. ಪಕ್ಕದ ಕೋಣೆಗಳಲ್ಲಿ ವಿಚಾರಣೆ ನಡೆಯುತ್ತಿರುತ್ತದೆ, ಅಲ್ಲಿಯ ಕಕ್ಷಿದಾರರ ಮುಖ ನಿಮ್ಮ ಫೋಟೊದಲ್ಲಿ ಬರಬಾರದು. ಮೊಬೈಲಿನ ಸದ್ದು ಅಡಗಿಸಿ. ಅಡಕೊತ್ತು, ಚಾಕು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ.

ಬಂಗಾಳಿ ಬಾರದವರಿಗೆ ಕಷ್ಟವೇ?

ಹರಕು ಹಿಂದಿ ಸಾಕು. ಕೋರ್ಟಿನ ಹೊರಗೆ ಮರದ ಕೆಳಗೆ ಟೈಪು ಮಾಡುವವರು, ಸ್ಟಾಂಪು ಮಾರುವವರು, ಕರಿ ಕೋಟಿನ ಹಿಂದೆ ಓಡುವ ಕಕ್ಷಿದಾರರು, ಎಲ್ಲ ನಮ್ಮ ಊರಿನದೇ ಚಿತ್ರ, ಭಾಷೆ ಮಾತ್ರ ಬೇರೆ. ಜವಾನನನ್ನು "ದಾದಾ" ಎಂದು ಕರೆದರೆ ಮುಖ ಅರಳುತ್ತದೆ.

ಮಕ್ಕಳನ್ನು ಕರೆದೊಯ್ಯಬಹುದೇ?

ಹೈಸ್ಕೂಲು ದಾಟಿದವರಾದರೆ ಖಂಡಿತ. ಚಿಕ್ಕವರನ್ನು ಮೃಗಾಲಯದಲ್ಲಿ ಯಾರ ಕೈಗಾದರೂ ಒಪ್ಪಿಸಿ ಬನ್ನಿ, ಹತ್ತಿರವೇ ಇದೆ.

ಊಟದ ಗತಿ?

ಮೀನು ತಿನ್ನುವವರಿಗೆ ಸ್ವರ್ಗ. ಮಿಕ್ಕವರು ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಮೊಸರು ಮಾತ್ರ ಅಲ್ಲಿ ಸಿಹಿ ಎಂದು ನೆನಪಿರಲಿ. ಅನ್ನಕ್ಕೆ ಕಲಸಿ ಪೇಚಾಡಿದವರಿದ್ದಾರೆ.

ಇದರ ಜೊತೆಗೆ ಇನ್ನೇನು ನೋಡಬೇಕು?

ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ಕೋಲ್ಕತ್ತ ಪೊಲೀಸ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ಒಂದು ಪುಸ್ತಕ ಇದೆ, ಅದನ್ನು ನೋಡದೆ ಬರಬೇಡಿ. ದಪ್ಪನೆಯ ಕಾನೂನು ಗ್ರಂಥ. ಹಾಳೆಗಳ ನಡುವೆ ಚೌಕಾಕಾರವಾಗಿ ಕೊರೆದು, ಕೋಕೋ ಪುಡಿಯ ಡಬ್ಬಿಯಲ್ಲಿ ಸ್ಫೋಟಕ ತುಂಬಿ, ರಟ್ಟು ತೆರೆದೊಡನೆ ಸಿಡಿಯುವಂತೆ ಮಾಡಿದ್ದು. ಪ್ಯಾರಿಸ್ಸಿಗೆ ಹೋಗಿ ಬಾಂಬು ವಿದ್ಯೆ ಕಲಿತು ಬಂದ ಹೇಮಚಂದ್ರ ಕಾನೂಂಗೋ ಅವರ ಕೈಚಳಕ. ಮುಜಫ್ಫರಪುರಕ್ಕೆ ಮೊದಲೇ ಇದನ್ನು ಕಿಂಗ್ಸ್‌ಫರ್ಡ್‌ಗೆ ಕಳಿಸಿದ್ದರು. ಅವನು ಯಾರೋ ಒಯ್ದಿದ್ದ ಪುಸ್ತಕ ಹಿಂದಕ್ಕೆ ಬಂದಿದೆ ಎಂದುಕೊಂಡು ಕಟ್ಟು ಬಿಚ್ಚದೆ ಇಟ್ಟುಬಿಟ್ಟ. ಪುಸ್ತಕ ತೆರೆಯುವ ಸೋಮಾರಿತನ ಒಬ್ಬ ನ್ಯಾಯಾಧೀಶನ ಜೀವ ಉಳಿಸಿತು. ವಕೀಲ ಮಿತ್ರರಿಗೆ ಇದನ್ನು ಹೇಳುವಾಗ ನನಗೆ ವಿಶೇಷ ಸುಖ.

ದೆಹಲಿಯ ಕೆಂಪುಕೋಟೆಯಲ್ಲಿ ನಡೆದದ್ದೂ ಇದೇ ಅಲ್ಲವೇ?

ಅಲ್ಲ. ಅಲ್ಲಿ 1945ರಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್, ಸೆಹಗಲ್, ಧಿಲ್ಲೋನ್ ಅವರ ವಿಚಾರಣೆ, 1948–49ರಲ್ಲಿ ಗಾಂಧಿ ಹತ್ಯೆಯ ಮೊಕದ್ದಮೆ ನಡೆದವು. ಅದಕ್ಕೆ ಬೇರೆಯೇ ಪ್ರಯಾಣ ಬೇಕು.

ಬಾಂಬು ಹಾಕಿದವರನ್ನು ನೋಡಲು ಜನರನ್ನು ಕರೆದೊಯ್ಯುತ್ತೀರಲ್ಲ, ಸರಿಯೇ?

ಹೊಸಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರು ರೈಲಿನಲ್ಲೇ ಇದನ್ನು ಕೇಳಿದರು. ಕೆನೆಡಿಯ ಹೆಂಡತಿ, ಮಗಳು ಯಾವ ತಪ್ಪು ಮಾಡಿದ್ದರು? ಏನೂ ಇಲ್ಲ. ಖುದಿರಾಮನ ಹಾಡು ಹೇಳುವಾಗ ಅವರ ನೆನಪೂ ಇರಬೇಕು ಎಂದೇ ನಾನು ಮೊದಲು ಆ ಎರಡು ಸಾವುಗಳಿಂದ ಕಥೆ ಶುರುಮಾಡುತ್ತೇನೆ. ಹಾಗೆಂದು ಹದಿನೆಂಟರ ಹುಡುಗನ ಕುತ್ತಿಗೆಗೆ ಹಗ್ಗ ಹಾಕಿದ ಸರ್ಕಾರ ದೊಡ್ಡದೂ ಆಗುವುದಿಲ್ಲ. ಮೇಡಂ ವಿಜಯವಾಡದವರೆಗೂ ಒಪ್ಪಲಿಲ್ಲ. ಕಟಕಟೆಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರು ಅವರೇ.

ಬಳ್ಳಾರಿಯಲ್ಲಿ ಅಂಥದ್ದು ಏನೂ ಇಲ್ಲವೇ?

ಇದೆ, ಕಾಪಾಡಿದ ಕೋಣೆ ಮಾತ್ರ ಇಲ್ಲ. ಭಗತ್ ಸಿಂಗ್ ಅವರ ಜೊತೆ ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಶಿಕ್ಷೆಯಾದ ಮಹಾವೀರ ಸಿಂಗ್ ಅವರನ್ನು ನಮ್ಮ ಬಳ್ಳಾರಿ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ಇಲ್ಲಿಂದ ಮುಂದೆ ಅಂಡಮಾನಿಗೆ ಹೋದರು. ಅಲ್ಲಿ ಉಪವಾಸ ಹೂಡಿದಾಗ ಬಲವಂತವಾಗಿ ಹಾಲು ಹೊಯ್ಯಲು ಹೋಗಿ, 1933ರ ಮೇ 17ರಂದು ಪ್ರಾಣ ಹೋಯಿತು. 1921ರ ನವೆಂಬರಿನಲ್ಲಿ ಮಲಬಾರಿನ ಮಾಪಿಳ್ಳೆ ಮುಸ್ಲಿಂ ಕೈದಿಗಳನ್ನು ತಿರೂರಿನಲ್ಲಿ ಗಾಳಿಯಾಡದ ಗೂಡ್ಸ್ ವ್ಯಾಗನ್ನಿಗೆ ತುಂಬಿ ಕಳಿಸಿದ್ದು ಬಳ್ಳಾರಿ ಜೈಲಿಗೇ. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಹೆಣಗಳು ಹೊರಬಿದ್ದವು. ಸುಮಾರು 70 ಮಂದಿ ಉಸಿರುಕಟ್ಟಿ ಸತ್ತರು. ಕೇರಳದಲ್ಲಿ ಮಕ್ಕಳಿಗೂ ಗೊತ್ತಿರುವ ದುರಂತ ಇದು. ಆ ಗಾಡಿ ತಲುಪಬೇಕಾಗಿದ್ದ ಊರಿನಲ್ಲಿ ಕೇಳಿ ನೋಡಿ. ನನಗೂ ಅರುವತ್ತರವರೆಗೆ ಗೊತ್ತಿರಲಿಲ್ಲ. ಜೈಲಿನ ರಸ್ತೆಯಲ್ಲಿ ಮೂವತ್ತೊಂದು ವರ್ಷ ಸೈಕಲ್ ತುಳಿದಿದ್ದೇನೆ, ವಿಚಾರಣಾಧೀನ ಕೈದಿಗಳ ವಾರಂಟು ಹಿಡಿದುಕೊಂಡು.

ಈಗ ಕೋಲ್ಕತ್ತಕ್ಕೆ ಹೊರಡುವ ದಿನ ಬೆಳಿಗ್ಗೆ ಗುಂಪನ್ನು ಮೊದಲು ಆ ಗೋಡೆಯ ಹೊರಗೆ ಐದು ನಿಮಿಷ ನಿಲ್ಲಿಸಿ ಈ ಎರಡು ಸಂಗತಿ ಹೇಳಿ, ಆಮೇಲೆ ಸ್ಟೇಷನ್ನಿಗೆ ಹೋಗುತ್ತೇನೆ. ಕಾವಲಿನವರು ಮೊದಲ ಸಲ ಏನು ಗುಂಪು ಎಂದು ವಿಚಾರಿಸಿದರು. ಎರಡನೆಯ ಸಲ ಅವರೂ ನಿಂತು ಕೇಳಿದರು.

ಮುಂದಿನ ಸಲ ಯಾವಾಗ? ನಾವೂ ಬರಬಹುದೇ?

ಬರಬಹುದು, ನಿಮ್ಮ ಟಿಕೆಟ್ ನೀವೇ ತೆಗೆಸಿಕೊಳ್ಳಬೇಕು, ನಾನು ಟೂರ್ ಕಂಪನಿಯವನಲ್ಲ. ಚಳಿಗಾಲ ಒಳ್ಳೆಯದು. ಜನವರಿ 23 ಅಲ್ಲಿ ನೇತಾಜಿ ಜಯಂತಿಯ ರಜೆ, 26 ಎಲ್ಲ ಕಡೆ ರಜೆ, ಅದರ ಹಿಂದೆ ಮುಂದೆ ಸರಸ್ವತಿ ಪೂಜೆ ಬೇರೆ. ಆದ್ದರಿಂದ ಫೆಬ್ರವರಿಯ ನಡುವಿನ ಒಂದು ಬುಧವಾರಕ್ಕೆ ಗುರುತು ಹಾಕಿದ್ದೇನೆ. ಈ ಸಲ ಬಂಗಾಳದ ರಜಾ ಪಟ್ಟಿಯನ್ನು ಎರಡು ಸಲ ನೋಡಿ, ಮನೆಯಾಕೆಯ ಕೈಗೂ ಕೊಟ್ಟು ಓದಿಸಿದ್ದೇನೆ.